ಚರ್ಚ್ ಪಕ್ಕದ ಶಾಲೆಗೆ ಮಗಳನ್ನು ಸೇರಿಸಬಹುದಾ?

ಓದುಗರ ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮುಂದಿನ ಸೆಪ್ಟೆಂಬರ್‌ಗೆ ಮಗಳು ಕಿಂಡರ್‌ಗಾರ್ಟನ್‌ಗೆ ಹೋಗಬೇಕು. ಅವಳಿಗೆ ಮಾತು ಸ್ವಲ್ಪ ತಡ. ಈಗ ಪಬ್ಲಿಕ್ (ಸರಕಾರಿ) ಪ್ರಿಸ್ಕೂಲ್‌ನಲ್ಲಿ ಐಇಪಿ, ಅಂದರೆ ಅವಳ ಅಗತ್ಯಕ್ಕೆ ತಕ್ಕಂತೆ ಬರೆದ ವೈಯಕ್ತಿಕ ಶಿಕ್ಷಣ ಯೋಜನೆ ಇದೆ, ಸ್ಪೀಚ್ ಥೆರಪಿ ಅಲ್ಲೇ ಕೊಡುತ್ತಾರೆ. ಮನೆ ಹತ್ತಿರ ಚರ್ಚ್ ಆವರಣದಲ್ಲೇ ಒಂದು ಕ್ಯಾಥೊಲಿಕ್ ಎಲಿಮೆಂಟರಿ ಶಾಲೆ ಇದೆ. ಸುಮಾರು ನೂರು ವರ್ಷ ಹಳೆಯದು. ಫೀಸು ವರ್ಷಕ್ಕೆ 8,000 ಡಾಲರ್ ಹತ್ತಿರ. ನಾನು ಊರಲ್ಲಿ ಕಾನ್ವೆಂಟ್‌ನಲ್ಲಿ ಓದಿದವಳು, ನನಗೆ ಇಷ್ಟ. ನಮ್ಮ ಯಜಮಾನರು, 'ಪಬ್ಲಿಕ್ ಶಾಲೆಗಳಿಗೆ ಅಂತ ಇಷ್ಟು ಪ್ರಾಪರ್ಟಿ ಟ್ಯಾಕ್ಸ್ ಕಟ್ಟಿ ಮತ್ತೆ ಫೀಸು ಯಾಕೆ?' ಅನ್ನುತ್ತಾರೆ. ಅತ್ತೆಗೆ ಮಗುವನ್ನು ಅವರ ಧರ್ಮಕ್ಕೆ ಎಳೆದುಕೊಳ್ಳುತ್ತಾರೆ ಅನ್ನೋ ಭಯ. ಇಂಥ ಶಾಲೆಗಳೆಲ್ಲ ಮುಚ್ಚಿಹೋಗುತ್ತಿವೆ ಅಂತ ಸ್ನೇಹಿತರು ಹೆದರಿಸುತ್ತಾರೆ. ಅಲ್ಲಿ ಓದು ನಿಜಕ್ಕೂ ಚೆನ್ನಾಗಿರುತ್ತದಾ?

ಉತ್ತರ: ನಿಮ್ಮ ಮನೆಯಲ್ಲಿ ಮೂರು ಜನ ಮೂರು ಬೇರೆ ಬೇರೆ ಪ್ರಶ್ನೆ ಕೇಳುತ್ತಿದ್ದೀರಿ. ಅತ್ತೆಯದು ಧರ್ಮದ್ದು, ಯಜಮಾನರದು ದುಡ್ಡಿನದು, ನಿಮ್ಮದು ಓದಿನದು. ನನ್ನ ಕಣ್ಣಿಗೆ ಬಿದ್ದದ್ದು ಮಾತ್ರ ನೀವು ನಡುವೆ ಒಂದೇ ಸಾಲಲ್ಲಿ ಹೇಳಿ ಮುಗಿಸಿದ ಐಇಪಿ. ನಿಮ್ಮ ನಿರ್ಧಾರ ನಿಲ್ಲಬೇಕಾದದ್ದು ಅದರ ಮೇಲೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಭಯಗಳನ್ನು ಬಿಡಿಸೋಣ.

ಮತಾಂತರದ ವಿಷಯ. ಕ್ಯಾಥೊಲಿಕ್ ಚರ್ಚಿನ ಸ್ವಂತ ಕಾನೂನು ಪುಸ್ತಕದಲ್ಲೇ ಇದಕ್ಕೆ ಉತ್ತರ ಇದೆ. 1983ರ ಕ್ಯಾನನ್ ಕಾನೂನಿನ 748ನೇ ನಿಯಮದ ಪ್ರಕಾರ ಯಾರನ್ನೂ ಅವರ ಮನಸ್ಸಾಕ್ಷಿಗೆ ವಿರುದ್ಧವಾಗಿ ಈ ನಂಬಿಕೆಗೆ ಬಲವಂತವಾಗಿ ಸೇರಿಸುವ ಹಾಗಿಲ್ಲ. 868ನೇ ನಿಯಮದ ಪ್ರಕಾರ ಚಿಕ್ಕ ಮಗುವಿಗೆ ದೀಕ್ಷಾಸ್ನಾನ ಕೊಡಬೇಕಾದರೆ ತಂದೆ ತಾಯಿಯಲ್ಲಿ ಒಬ್ಬರಾದರೂ ಒಪ್ಪಬೇಕು. ಇನ್ನು ವಾಸ್ತವ ನೋಡಿದರೂ, ಅಮೆರಿಕದ ಕ್ಯಾಥೊಲಿಕ್ ಶಾಲೆಗಳಲ್ಲಿ ಐದರಲ್ಲಿ ಒಂದು ಮಗು ಕ್ಯಾಥೊಲಿಕ್ ಅಲ್ಲ. ಕೆಲವು ದೊಡ್ಡ ನಗರಗಳ ಶಾಲೆಗಳಲ್ಲಿ ಅಂಥ ಮಕ್ಕಳೇ ಜಾಸ್ತಿ. ನಿಮ್ಮ ಮಗಳೊಬ್ಬಳೇ ಬೇರೆಯವಳಾಗಿ ಕೂರುವುದಿಲ್ಲ.

ಹಾಗಂತ ಧರ್ಮ ಒಂದು ಮೂಲೆಯಲ್ಲಿ ಸುಮ್ನೆ ಇರುತ್ತದೆ ಅಂದುಕೊಳ್ಳಬೇಡಿ. ಧರ್ಮ ಅಲ್ಲಿ ಒಂದು ಸಬ್ಜೆಕ್ಟ್. ದಿನಾ ಪಾಠ ಇರುತ್ತದೆ, ಮಾರ್ಕ್ಸೂ ಇರುತ್ತದೆ. ಬೆಳಗ್ಗೆ ಪ್ರಾರ್ಥನೆ, ಊಟದ ಮುಂಚೆ ಪ್ರಾರ್ಥನೆ. ಸಾಮಾನ್ಯವಾಗಿ ವಾರಕ್ಕೊಮ್ಮೆ ಇಡೀ ಶಾಲೆ ಚರ್ಚಿಗೆ ಹೋಗಿ ಮಾಸ್‌ನಲ್ಲಿ (ಚರ್ಚಿನ ಪೂಜೆಯಲ್ಲಿ) ಕೂರುತ್ತದೆ. ತರಗತಿಯ ಒಂದು ಬದಿಗೆ ಪುಟ್ಟ ಮೇಜು, ಅದರ ಮೇಲೊಂದು ಬಟ್ಟೆ, ಬೈಬಲ್, ಶಿಲುಬೆ. ಆ ಬಟ್ಟೆಯ ಬಣ್ಣ ಚರ್ಚಿನ ಕ್ಯಾಲೆಂಡರ್ ಪ್ರಕಾರ ಬದಲಾಗುತ್ತದೆ. ಮಾಮೂಲಿ ದಿನಗಳಲ್ಲಿ ಹಸಿರು, ಈಸ್ಟರ್‌ಗೆ ಮುಂಚಿನ ಲೆಂಟ್ ಮತ್ತು ಕ್ರಿಸ್‌ಮಸ್‌ಗೆ ಮುಂಚಿನ ಆಡ್ವೆಂಟ್‌ನಲ್ಲಿ ನೇರಳೆ, ಈಸ್ಟರ್‌ಗೆ ಬಿಳಿ. ಕಿಂಡರ್‌ಗಾರ್ಟನ್ ಮಗು ಎರಡು ತಿಂಗಳಲ್ಲಿ ಇದನ್ನೆಲ್ಲ ಮನೆಗೆ ಬಂದು ನಿಮಗೇ ಪಾಠ ಮಾಡುತ್ತದೆ. ಅದು ನಿಮಗೆ ಸರಿ ಅನ್ನಿಸಬೇಕು.

ನಿಜವಾಗಿ ಇರುಸುಮುರುಸು ಬರುವುದು 2ನೇ ಗ್ರೇಡಿನಲ್ಲಿ. ಆ ವರ್ಷ ಕ್ಯಾಥೊಲಿಕ್ ಮಕ್ಕಳಿಗೆ ಮೊದಲ ಪರಮಪ್ರಸಾದ, ಅಂದರೆ ಮಾಸ್‌ನಲ್ಲಿ ಕೊಡುವ ಪವಿತ್ರ ರೊಟ್ಟಿಯನ್ನು ಮೊದಲ ಸಲ ತೆಗೆದುಕೊಳ್ಳುವುದು. ವರ್ಷಪೂರ್ತಿ ಅದರದ್ದೇ ತಯಾರಿ, ಬಿಳಿ ಫ್ರಾಕು, ಪಾರ್ಟಿ. ನಿಮ್ಮ ಮಗಳು ಪಾಠ ಕೇಳುತ್ತಾಳೆ, ಆದರೆ ಪ್ರಸಾದ ಸಿಗುವುದಿಲ್ಲ. ಮಾಸ್‌ನಲ್ಲಿ ಸಾಲು ಮುಂದೆ ಹೋಗುವಾಗ ಅವಳಂಥ ಮಕ್ಕಳು ಎರಡೂ ಕೈಯನ್ನು ಎದೆ ಮೇಲೆ ಅಡ್ಡ ಕಟ್ಟಿಕೊಂಡು ನಿಲ್ಲುತ್ತಾರೆ. ಪಾದ್ರಿ ಆಶೀರ್ವಾದ ಮಾಡಿ ಕಳಿಸುತ್ತಾರೆ. 'ನನಗ್ಯಾಕೆ ಕೊಡಲ್ಲ?' ಅಂತ ಏಳು ವರ್ಷದ ಮಗು ಕೇಳೇ ಕೇಳುತ್ತದೆ. ಉತ್ತರ ಮನೆಯಲ್ಲಿ ರೆಡಿ ಇರಲಿ. ಇಂಥ ಶಾಲೆಗಳಲ್ಲಿ ಪಾಠ ಮಾಡಿ, ಆಮೇಲೆ ಪೋಷಕರಿಗೆ ಸಲಹೆ ಕೊಡುವ ಕೆಲಸಕ್ಕೆ ಬಂದವಳು ನಾನು. ನಾನು ನೋಡಿದ ಮಟ್ಟಿಗೆ, ಮನೆಯಲ್ಲಿ ತಮ್ಮ ಪೂಜೆ, ಹಬ್ಬ ಗಟ್ಟಿಯಾಗಿ ನಡೆಯುವ ಮಕ್ಕಳು ಇದನ್ನು ಆರಾಮಾಗಿ ದಾಟುತ್ತಾರೆ. ಮನೆಯಲ್ಲಿ ಏನೂ ಇಲ್ಲದೆ ಶಾಲೆಯಲ್ಲಿ ಮಾತ್ರ ದೇವರನ್ನು ಕಂಡ ಮಗುವಿಗೆ ಗೊಂದಲ ಜಾಸ್ತಿ. ಇದನ್ನು ಅತ್ತೆಗೆ ಹೇಳಿ. ಅವರ ಕೈಯಲ್ಲೇ ಎಷ್ಟು ಇದೆ ಅಂತ ಗೊತ್ತಾದರೆ ಅವರಿಗೂ ಸಮಾಧಾನ.

ವಿಜ್ಞಾನ ಸರಿಯಾಗಿ ಕಲಿಸುವುದಿಲ್ಲ ಅನ್ನೋ ಮಾತನ್ನೂ ಕೇಳಿರುತ್ತೀರಿ. ವಿಕಾಸವಾದವನ್ನು ಒಪ್ಪದ ಶಾಲೆಗಳು ಅಮೆರಿಕದಲ್ಲಿ ಇವೆ ನಿಜ, ಆದರೆ ಅವು ಹೆಚ್ಚಾಗಿ ಬೇರೆ ಪಂಗಡಗಳವು. ವಿಕಾಸವಾದ ಬರೀ ಊಹೆಯಲ್ಲ ಅಂತ ಪೋಪ್ ಎರಡನೇ ಜಾನ್ ಪಾಲ್ 1996ರಲ್ಲೇ ಹೇಳಿದ್ದಾರೆ. ಆ ಚಿಂತೆ ಬಿಡಿ.

ಈಗ ನೂರು ವರ್ಷದ ಇತಿಹಾಸ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಯಜಮಾನರ ದುಡ್ಡಿನ ಪ್ರಶ್ನೆಗೂ ಸ್ನೇಹಿತರ ಮುಚ್ಚುವ ಮಾತಿಗೂ ಉತ್ತರ ಇಲ್ಲೇ ಇದೆ.

ನೀವು ಓದಿದ ಕಾನ್ವೆಂಟ್ ಬೇರೆ, ಇದು ಬೇರೆ. ಅಮೆರಿಕದ ಕ್ಯಾಥೊಲಿಕ್ ಶಾಲೆಗಳು ಉಳ್ಳವರ ಇಂಗ್ಲಿಷ್ ಶಾಲೆಗಳಾಗಿ ಹುಟ್ಟಿದ್ದಲ್ಲ. 1810ರಲ್ಲಿ ಮೇರಿಲ್ಯಾಂಡಿನ ಎಮಿಟ್ಸ್‌ಬರ್ಗ್‌ನಲ್ಲಿ ಎಲಿಜಬೆತ್ ಆನ್ ಸೇಟನ್ ಬಡ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದರು. ನಿಮ್ಮ ರಾಜ್ಯದ ಸೇಟನ್ ಹಾಲ್ ಯೂನಿವರ್ಸಿಟಿ ಇದೆಯಲ್ಲ, ಅದಕ್ಕೆ ಅವರದೇ ಹೆಸರು. ಆಮೇಲೆ ಐರಿಷ್, ಜರ್ಮನ್ ವಲಸಿಗರು ಹಡಗು ಹಡಗಾಗಿ ಬಂದರು. ಆಗಿನ ಪಬ್ಲಿಕ್ ಶಾಲೆಗಳಲ್ಲಿ ಪ್ರಾಟೆಸ್ಟಂಟರ ಕಿಂಗ್ ಜೇಮ್ಸ್ ಬೈಬಲ್ ಓದಿಸುತ್ತಿದ್ದರು. ಕ್ಯಾಥೊಲಿಕರಿಗೆ ಅದು ಸರಿಬರಲಿಲ್ಲ. ನ್ಯೂಯಾರ್ಕಿನಲ್ಲಿ ಬಿಷಪ್ ಜಾನ್ ಹ್ಯೂಸ್ 1840ರ ಸುಮಾರಿಗೆ ತಮ್ಮ ಶಾಲೆಗಳಿಗೂ ಸರಕಾರಿ ಹಣ ಕೊಡಿ ಅಂತ ಕೇಳಿದರು, ಸಿಗಲಿಲ್ಲ. ಫಿಲಡೆಲ್ಫಿಯಾದಲ್ಲಿ ಇದು ಬೀದಿಗೇ ಬಂತು. 1844ರ ಗಲಭೆಯಲ್ಲಿ ಅಲ್ಲಿನ ಸೇಂಟ್ ಮೈಕಲ್ ಮತ್ತು ಸೇಂಟ್ ಅಗಸ್ಟೀನ್ ಚರ್ಚುಗಳನ್ನು ಸುಟ್ಟರು. ಶಾಲೆಯಲ್ಲಿ ಯಾವ ಬೈಬಲ್ ಓದಬೇಕು ಅನ್ನೋದೂ ಆ ಜಗಳದ ಒಂದು ಕಾರಣ.

ಅಂದರೆ, ತಮ್ಮ ಮಕ್ಕಳನ್ನು ಬೇರೆ ಧರ್ಮಕ್ಕೆ ಎಳೆದುಕೊಳ್ಳುತ್ತಾರೆ ಅನ್ನೋ ಭಯದಿಂದಲೇ ಹುಟ್ಟಿದ ಶಾಲೆಗಳು ಇವು. ನಿಮ್ಮ ಅತ್ತೆಗೆ ಇರುವ ಭಯವೇ ಅಲ್ವಾ?

1884ರಲ್ಲಿ ಬಾಲ್ಟಿಮೋರ್‌ನಲ್ಲಿ ಬಿಷಪ್‌ಗಳ ಮೂರನೇ ಮಹಾಸಭೆ ನಡೆಯಿತು. ಎರಡು ವರ್ಷದೊಳಗೆ ಪ್ರತಿ ಚರ್ಚಿನ ಪಕ್ಕದಲ್ಲೂ ಶಾಲೆ ಇರಬೇಕು ಅಂತ ಅಲ್ಲಿ ತೀರ್ಮಾನ ಆಯಿತು. ಅಷ್ಟು ಬೇಗ ಆಗಲಿಲ್ಲ, ಎಲ್ಲ ಕಡೆಯೂ ಆಗಲಿಲ್ಲ, ಆದರೆ ನಿಮ್ಮ ಬೀದಿಯ ಶಾಲೆ ಅಲ್ಲಿ ನಿಂತಿರುವುದಕ್ಕೆ ಮೂಲ ಇದೇ. ಒರೆಗಾನ್ ರಾಜ್ಯದವರು 1922ರಲ್ಲಿ ಎಲ್ಲ ಮಕ್ಕಳೂ ಪಬ್ಲಿಕ್ ಶಾಲೆಗೇ ಹೋಗಬೇಕು ಅಂತ ಕಾನೂನು ಮಾಡಿದರು. ಸನ್ಯಾಸಿನಿಯರ ಒಂದು ಸಂಸ್ಥೆ ಕೋರ್ಟಿಗೆ ಹೋಯಿತು. 1925ರಲ್ಲಿ ಸುಪ್ರೀಂ ಕೋರ್ಟು ಆ ಕಾನೂನನ್ನು ಹೊಡೆದುಹಾಕಿತು. ಇವತ್ತು ನಿಮಗೆ ಶಾಲೆ ಆರಿಸಿಕೊಳ್ಳುವ ಹಕ್ಕು ಇರುವುದು ಆ ತೀರ್ಪಿನಿಂದ.

ಈ ಇಡೀ ವ್ಯವಸ್ಥೆ ನಿಂತಿದ್ದು ಒಂದೇ ಲೆಕ್ಕದ ಮೇಲೆ. ಪಾಠ ಮಾಡುತ್ತಿದ್ದವರು ಸಿಸ್ಟರ್‌ಗಳು. ಅವರಿಗೆ ಸಂಬಳ ಅನ್ನೋದು ಹೆಸರಿಗೆ ಮಾತ್ರ. ಒಂದೊಂದು ತರಗತಿಯಲ್ಲಿ ಐವತ್ತು ಅರವತ್ತು ಮಕ್ಕಳು. ಹಾಗಾಗಿ ಫೀಸು ಬಹಳ ಕಡಿಮೆ, ಎಷ್ಟೋ ಕಡೆ ಇರಲೇ ಇಲ್ಲ. 1960ರ ದಶಕದ ಮಧ್ಯದಲ್ಲಿ ಸುಮಾರು 13,000 ಶಾಲೆಗಳು, 52 ಲಕ್ಷ ಮಕ್ಕಳು. ಆಮೇಲೆ ಹೊಸದಾಗಿ ಸಿಸ್ಟರ್ ಆಗುವವರೇ ಕಡಿಮೆಯಾದರು. ಇದ್ದವರಲ್ಲೂ ಬಹಳ ಜನ ಬಿಟ್ಟರು. ಕ್ಯಾಥೊಲಿಕ್ ಕುಟುಂಬಗಳು ನಗರ ಬಿಟ್ಟು ಸಬರ್ಬ್‌ಗೆ ಹೋದವು. ಅಲ್ಲಿನ ಪಬ್ಲಿಕ್ ಶಾಲೆಗಳಲ್ಲಿ ಆ ಹಳೆಯ ಬೈಬಲ್ ಜಗಳವೂ ಇರಲಿಲ್ಲ. ಈಗ ದೇಶದಲ್ಲಿ 6,000ಕ್ಕಿಂತ ಕಡಿಮೆ ಶಾಲೆಗಳು, ಸುಮಾರು 17 ಲಕ್ಷ ಮಕ್ಕಳು. ಟೀಚರ್‌ಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಜನ ಮಾಮೂಲಿ ಸಂಸಾರಸ್ಥರು, ಸಂಬಳಕ್ಕೆ ದುಡಿಯುವವರು. ನೀವು ನೆನಪಿಟ್ಟುಕೊಂಡ ಸಿಸ್ಟರ್‌ಗಳು ನಿಮ್ಮ ಮಗಳಿಗೆ ಬಹುಶಃ ಸಿಗುವುದಿಲ್ಲ.

ಆ 8,000 ಡಾಲರ್ ಎಲ್ಲಿಗೆ ಹೋಗುತ್ತದೆ ಅಂತ ಯಜಮಾನರಿಗೆ ಈಗ ಗೊತ್ತಾಗಬಹುದು. ಪ್ಯಾರಿಷ್ ಅಂದರೆ ಒಂದು ಚರ್ಚು ಮತ್ತು ಅದಕ್ಕೆ ಸೇರಿದ ಜನ. ಹೆಚ್ಚಿನ ಪ್ಯಾರಿಷ್ ಶಾಲೆಗಳಲ್ಲಿ ಒಂದು ಮಗುವಿನ ಖರ್ಚು ಫೀಸಿಗಿಂತ ಜಾಸ್ತಿ. ಉಳಿದದ್ದನ್ನು ಪ್ಯಾರಿಷ್ ಮತ್ತು ದಾನಿಗಳು ತುಂಬುತ್ತಾರೆ. ಹಾಗಾಗಿಯೇ ಚರ್ಚಿನ ಸದಸ್ಯರಿಗೆ ಒಂದು ದರ, ಹೊರಗಿನವರಿಗೆ ಒಂದು ದರ. ನಿಮಗೆ ಹೇಳಿದ್ದು ಯಾವ ದರ ಅಂತ ಕೇಳಿ. ರಿಜಿಸ್ಟ್ರೇಷನ್, ಯೂನಿಫಾರ್ಮ್, ಆಫ್ಟರ್‌ಕೇರ್, ವರ್ಷಕ್ಕೆ ಇಷ್ಟು ಗಂಟೆ ಸೇವೆ, ಇಷ್ಟು ಫಂಡ್‌ರೈಸಿಂಗ್ ಎಲ್ಲ ಸೇರಿಸಿ ಲೆಕ್ಕ ಹಾಕಿ. ನ್ಯೂಜೆರ್ಸಿಯಲ್ಲಿ ಫೀಸಿಗೆ ಸರಕಾರಿ ವೌಚರ್ ಇಲ್ಲ. ಮಕ್ಕಳ ಓದಿಗೆ ಅಂತ ಉಳಿಸುವ 529 ಖಾತೆ ಇದ್ದರೆ ಅದರಿಂದ ಕಟ್ಟಬಹುದು. ಫೆಡರಲ್ ಟ್ಯಾಕ್ಸ್ ಬೀಳದ ಮಿತಿ ವರ್ಷಕ್ಕೆ 10,000 ಡಾಲರ್ ಇತ್ತು, 2026ರಿಂದ 20,000 ಆಗಿದೆ. ರಾಜ್ಯದ ಟ್ಯಾಕ್ಸ್ ಬಗ್ಗೆ ನಿಮ್ಮ ಅಕೌಂಟಂಟ್‌ನ ಕೇಳಿ. ಫೀಸನ್ನು ದಾನ ಅಂತ ತೋರಿಸಿ ಟ್ಯಾಕ್ಸ್ ಉಳಿಸಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಆಗುವುದಿಲ್ಲ.

ಕಟ್ಟಿದ ಪ್ರಾಪರ್ಟಿ ಟ್ಯಾಕ್ಸ್ ಪೂರಾ ನೀರುಪಾಲು ಅಂತಲೂ ಅಲ್ಲ. ನ್ಯೂಜೆರ್ಸಿಯ ಯೂಯಿಂಗ್ ಟೌನ್‌ಶಿಪ್‌ನಲ್ಲಿ ಕ್ಯಾಥೊಲಿಕ್ ಶಾಲೆಗೆ ಹೋಗುವ ಮಕ್ಕಳ ಬಸ್ ಖರ್ಚನ್ನು ಪೋಷಕರಿಗೆ ವಾಪಸ್ ಕೊಡುತ್ತಿದ್ದರು. ಅದರ ವಿರುದ್ಧ ಎವರ್‌ಸನ್ ಅನ್ನೋರು ಕೋರ್ಟಿಗೆ ಹೋದರು. 1947ರಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕು ಮತದಿಂದ ಬಸ್ ಖರ್ಚು ಕೊಡಬಹುದು ಅಂದಿತು. ಇವತ್ತಿಗೂ ನಿಮ್ಮ ರಾಜ್ಯದಲ್ಲಿ ಅರ್ಹ ಮಕ್ಕಳಿಗೆ ಡಿಸ್ಟ್ರಿಕ್ಟ್ (ಊರಿನ ಪಬ್ಲಿಕ್ ಶಾಲೆಗಳನ್ನು ನಡೆಸುವ ಆಡಳಿತ) ಬಸ್ ಕೊಡುತ್ತದೆ, ಇಲ್ಲವೇ ಅದರ ಬದಲು ಹಣ ಕೊಡುತ್ತದೆ. ಎಲಿಮೆಂಟರಿ ಮಕ್ಕಳಿಗೆ ಮನೆಯಿಂದ ಶಾಲೆ ಎರಡು ಮೈಲಿಗಿಂತ ದೂರ ಇರಬೇಕು. ನಿಮಗೆ ಹತ್ತಿರ ಅಂದಿರಿ, ಹಾಗಾಗಿ ಬಹುಶಃ ಸಿಗದು.

ಮುಚ್ಚುವ ಭಯ ಸುಳ್ಳಲ್ಲ. ಆದರೆ ನೂರು ವರ್ಷ ಬಾಳಿದ್ದು ಇನ್ನು ಹತ್ತು ವರ್ಷ ಬಾಳುತ್ತದೆ ಅನ್ನೋದಕ್ಕೆ ಗ್ಯಾರಂಟಿಯೂ ಅಲ್ಲ, ಮುಚ್ಚುತ್ತದೆ ಅನ್ನೋದಕ್ಕೆ ಗುರುತೂ ಅಲ್ಲ. ಶಾಲೆ ಯಾರದ್ದು ಅಂತ ಮೊದಲು ಕೇಳಿ. ಒಂದೇ ಪ್ಯಾರಿಷ್‌ನದಾದರೆ ಆ ಚರ್ಚಿನ ಕಾಣಿಕೆ ಡಬ್ಬಿಯ ಮೇಲೆ ನಿಂತಿರುತ್ತದೆ. ಪಾಸ್ಟರ್ ಬದಲಾದರೆ ಶಾಲೆಯ ಗತಿಯೂ ಬದಲಾಗಬಹುದು. ಹಲವು ಪ್ಯಾರಿಷ್ ಸೇರಿ ನಡೆಸುವ ರೀಜನಲ್ ಶಾಲೆಗೆ ಸ್ವಲ್ಪ ಜಾಸ್ತಿ ಬಲ. ಸನ್ಯಾಸಿ ಸಂಸ್ಥೆಯೋ ಟ್ರಸ್ಟಿಗಳ ಬೋರ್ಡೋ ನಡೆಸುವ ಪ್ರೈವೇಟ್ ಕ್ಯಾಥೊಲಿಕ್ ಶಾಲೆಗಳು ಮೂರನೇ ಬಗೆ. ಫೀಸು ಎಷ್ಟೋ ಜಾಸ್ತಿ, ಖಜಾನೆಯೂ ಸಾಮಾನ್ಯವಾಗಿ ಗಟ್ಟಿ. ಚರ್ಚ್ ಆವರಣದಲ್ಲೇ ಇದೆ ಅಂದಮೇಲೆ ನಿಮ್ಮದು ಮೊದಲನೆಯದೋ ಎರಡನೆಯದೋ ಇರಬೇಕು. ಕಳೆದ ಐದು ವರ್ಷ ಕಿಂಡರ್‌ಗಾರ್ಟನ್‌ಗೆ ಎಷ್ಟೆಷ್ಟು ಮಕ್ಕಳು ಸೇರಿದರು ಅಂತ ಪ್ರಿನ್ಸಿಪಾಲರನ್ನು ಕೇಳಿ. ಒಟ್ಟು ಸಂಖ್ಯೆ ಬೇಡ, ಕಿಂಡರ್‌ಗಾರ್ಟನ್‌ನದೇ ಬೇಕು. ಒಟ್ಟು ಸಂಖ್ಯೆಯಲ್ಲಿ ಹಳೆಯ ದೊಡ್ಡ ಬ್ಯಾಚುಗಳು ಸೇರಿ ಕಣ್ಣಿಗೆ ಮಣ್ಣೆರಚುತ್ತವೆ. ಎರಡು ಗ್ರೇಡ್ ಸೇರಿಸಿ ಒಂದೇ ಕೋಣೆಯಲ್ಲಿ ಪಾಠ ಶುರುವಾಗಿದ್ದರೆ ಎಚ್ಚರ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ಓದು. ಶಾಲೆಯವರು ನಿಮಗೆ ಒಂದು ಅಂಕಿ ತೋರಿಸುತ್ತಾರೆ. ದೇಶಮಟ್ಟದ ನೇಪ್ ಪರೀಕ್ಷೆಯಲ್ಲಿ 2022ರಲ್ಲಿ 4ನೇ ಗ್ರೇಡಿನ ಓದುವಿಕೆಯಲ್ಲಿ ಪಬ್ಲಿಕ್ ಶಾಲೆಗಳ ಸರಾಸರಿ 216, ಕ್ಯಾಥೊಲಿಕ್ ಶಾಲೆಗಳದು 233. ದೊಡ್ಡ ಅಂತರ. ಅಂಕಿ ನಿಜ. ಆದರೆ ದುಡ್ಡು ಕೊಟ್ಟು ಶಾಲೆ ಆರಿಸುವ ಮನೆಯ ಮಗು ಆ ಮನೆಯಿಂದಲೇ ಅರ್ಧ ಕಲಿತು ಬಂದಿರುತ್ತದೆ. ಆ ಪರೀಕ್ಷೆ ನಡೆಸುವ, ಫೆಡರಲ್ ಶಿಕ್ಷಣ ಇಲಾಖೆಯ ಅಂಕಿಅಂಶ ಸಂಸ್ಥೆ ಎನ್‌ಸಿಇಎಸ್ 2006ರಲ್ಲಿ ಮನೆಯ ಹಿನ್ನೆಲೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ಖಾಸಗಿ ಮತ್ತು ಪಬ್ಲಿಕ್ ಶಾಲೆಗಳನ್ನು ಹೋಲಿಸಿತು. ಆಗ 4ನೇ ಗ್ರೇಡಿನ ಓದುವಿಕೆಯಲ್ಲಿ ವ್ಯತ್ಯಾಸ ಕರಗಿಹೋಯಿತು. ಗಣಿತದಲ್ಲಿ ಪಬ್ಲಿಕ್ ಶಾಲೆಗಳೇ ಸ್ವಲ್ಪ ಮುಂದೆ ಬಂದವು. 8ನೇ ಗ್ರೇಡಿನ ಓದುವಿಕೆಯಲ್ಲಿ ಮಾತ್ರ ಖಾಸಗಿ ಶಾಲೆಗಳ ಮೇಲುಗೈ ಉಳಿಯಿತು. ಅದೂ ಅಲ್ಲದೆ ನ್ಯೂಜೆರ್ಸಿಯ ಪಬ್ಲಿಕ್ ಶಾಲೆಗಳು ದೇಶದಲ್ಲೇ ಮೇಲಿನ ಸಾಲಿನಲ್ಲಿವೆ. ನಿಮ್ಮ ಡಿಸ್ಟ್ರಿಕ್ಟ್ ಚೆನ್ನಾಗಿದ್ದರೆ, ಬರೀ ಮಾರ್ಕ್ಸಿಗಾಗಿ 8,000 ಡಾಲರ್ ಕೊಡುವುದರಲ್ಲಿ ಅರ್ಥ ಇಲ್ಲ. ಇದು ನನ್ನ ಖಚಿತ ಅಭಿಪ್ರಾಯ.

ಹಾಗಾದರೆ ಏನು ಸಿಗುತ್ತದೆ? ಚಿಕ್ಕ ಶಾಲೆ ಸಿಗುತ್ತದೆ. ಕಿಂಡರ್‌ಗಾರ್ಟನ್‌ನಿಂದ 8ನೇ ಗ್ರೇಡ್‌ವರೆಗೆ ಒಂದೇ ಕಟ್ಟಡ. ಎಷ್ಟೋ ಕಡೆ 8ನೇ ಗ್ರೇಡಿನವರಿಗೆ ಒಬ್ಬೊಬ್ಬ ಪುಟ್ಟ ಮಗುವನ್ನು ಜೊತೆ ಮಾಡುತ್ತಾರೆ, ಮಾಸ್‌ನಲ್ಲಿ ಪಕ್ಕ ಕೂರಿಸಿಕೊಳ್ಳುತ್ತಾರೆ. ಪ್ರಿನ್ಸಿಪಾಲರಿಗೆ ಪ್ರತಿ ಮಗುವಿನ ಹೆಸರು ಗೊತ್ತು. ಫೋನಿಕ್ಸ್, ವ್ಯಾಕರಣ, ಅಕ್ಷರ ಕೂಡಿಸಿ ಬರೆಯುವ ಕರ್ಸಿವ್ ಬರವಣಿಗೆ ಇಂಥ ಹಳೆಯ ಪಾಠಗಳನ್ನು ಬಿಡದೆ ಮಾಡುತ್ತಾರೆ. ಸಿಗದೆ ಇರುವುದೂ ಇದೆ. ಮ್ಯೂಸಿಕ್, ಆರ್ಟ್ ಟೀಚರ್‌ಗಳು ವಾರಕ್ಕೆ ಒಂದೋ ಎರಡೋ ದಿನ. ಗಣಿತದಲ್ಲಿ ತುಂಬ ಮುಂದಿರುವ ಮಗುವಿಗೆ ಬೇರೆ ಗುಂಪು ಇಲ್ಲದಿರಬಹುದು. ಟೀಚರ್‌ಗಳ ಸಂಬಳ ಪಬ್ಲಿಕ್ ಶಾಲೆಗಿಂತ ಕಡಿಮೆ, ಹಾಗಾಗಿ ಚೆನ್ನಾಗಿ ಪಾಠ ಮಾಡುವ ಹೊಸಬರು ಅನುಭವ ಆದ ಮೇಲೆ ಡಿಸ್ಟ್ರಿಕ್ಟ್‌ಗೆ ಹಾರುತ್ತಾರೆ. ನ್ಯೂಜೆರ್ಸಿಯಲ್ಲಿ ಖಾಸಗಿ ಶಾಲೆಯ ಟೀಚರ್‌ಗೆ ರಾಜ್ಯದ ಸರ್ಟಿಫಿಕೇಟ್ ಕಡ್ಡಾಯ ಅಲ್ಲ, ಮಕ್ಕಳಿಗೆ ರಾಜ್ಯದ ಪರೀಕ್ಷೆಯೂ ಕಡ್ಡಾಯ ಅಲ್ಲ. ಹೆಚ್ಚಿನ ಶಾಲೆಗಳು ಸರ್ಟಿಫಿಕೇಟ್ ಇದ್ದವರನ್ನೇ ತೆಗೆದುಕೊಳ್ಳುತ್ತವೆ, ಆದರೂ ಕೇಳಿ. ಮಗುವಿನ ಬೆಳವಣಿಗೆ ಅಳೆಯುವ ಮ್ಯಾಪ್‌ನಂಥ ಪರೀಕ್ಷೆ ಮಾಡಿಸುತ್ತಾರಾ ಕೇಳಿ, ಒಂದೇ ಗುಂಪು 2ನೇ ಗ್ರೇಡ್‌ನಿಂದ 5ಕ್ಕೆ ಬರುವಾಗ ಎಷ್ಟು ಬೆಳೆಯಿತು ಅಂತ ತೋರಿಸಲಿ. ಗೋಡೆ ಮೇಲಿನ ಬ್ಲೂ ರಿಬ್ಬನ್ (ಒಳ್ಳೆಯ ಶಾಲೆಗಳಿಗೆ ಕೊಡುತ್ತಿದ್ದ ಫೆಡರಲ್ ಪ್ರಶಸ್ತಿ) ಬೋರ್ಡು ಯಾವ ವರ್ಷದ್ದು ಅಂತಲೂ ಒಂದು ಸಲ ನೋಡಿ.

ಈಗ ಐಇಪಿ. ಪಬ್ಲಿಕ್ ಶಾಲೆಯಲ್ಲಿ ಐಇಪಿ ಅನ್ನೋದು ನಿಮ್ಮ ಮಗಳ ಕಾನೂನು ಹಕ್ಕು. ಅದರಲ್ಲಿ ಬರೆದ ಥೆರಪಿಯನ್ನು ಡಿಸ್ಟ್ರಿಕ್ಟ್ ಕೊಡಲೇಬೇಕು. ನೀವಾಗಿಯೇ ಖಾಸಗಿ ಶಾಲೆಗೆ ಸೇರಿಸಿದ ದಿನ ಆ ವೈಯಕ್ತಿಕ ಹಕ್ಕು ಅಲ್ಲಿಗೆ ನಿಲ್ಲುತ್ತದೆ. ಅದರ ಬದಲು ಸಿಗುವುದು ಸರ್ವಿಸ್ ಪ್ಲಾನ್. ಖಾಸಗಿ ಶಾಲೆಯ ಮಕ್ಕಳಿಗೆ ಅಂತ ಮೀಸಲಾದ ಫೆಡರಲ್ ಹಣದಲ್ಲಿ ಎಷ್ಟು ಬರುತ್ತದೋ ಅಷ್ಟು. ನ್ಯೂಜೆರ್ಸಿಯಲ್ಲಿ ಇನ್ನೊಂದು ದಾರಿಯೂ ಇದೆ. 'ಚಾಪ್ಟರ್ 193' ಅನ್ನೋ ರಾಜ್ಯದ ಯೋಜನೆಯಲ್ಲಿ ಖಾಸಗಿ ಶಾಲೆಯ ಮಕ್ಕಳಿಗೂ ಮೌಲ್ಯಮಾಪನ, ಸ್ಪೀಚ್ ಥೆರಪಿ ಸಿಗುತ್ತದೆ. ಶಾಲೆಯಲ್ಲಿ 'ಚಿಂತೆ ಬೇಡ, ಸ್ಪೀಚ್ ಇದೆ' ಅಂದರೆ ಅವರು ಹೇಳುವುದು ಹೆಚ್ಚಾಗಿ ಇದನ್ನೇ. ಒಳ್ಳೆಯದೇ, ಆದರೆ ಈಗ ಸಿಗುತ್ತಿರುವಷ್ಟೇ ಸಿಗುತ್ತದೆ ಅಂತ ಯಾರೂ ಬರೆದುಕೊಡುವುದಿಲ್ಲ. ಮಗುವಿನ ಅಗತ್ಯ ಜಾಸ್ತಿಯಾದರೆ 'ನಮ್ಮಲ್ಲಿ ಆಗುವುದಿಲ್ಲ' ಅಂತ ಶಾಲೆ ಹೇಳಲೂಬಹುದು. ಧಾರ್ಮಿಕ ಸಂಸ್ಥೆ ನಡೆಸುವ ಶಾಲೆಗೆ ಅಂಗವೈಕಲ್ಯದ ಎಡಿಎ ಕಾನೂನೂ ಅನ್ವಯಿಸುವುದಿಲ್ಲ. ನಾನು ಕಂಡ ಕಹಿ ಪ್ರಸಂಗಗಳು ಹೆಚ್ಚಾಗಿ ಧರ್ಮದ್ದಲ್ಲ, ಇಂಥವು. ಶಾಲೆಯವರ ಮನಸ್ಸು ಒಳ್ಳೆಯದೇ ಇರುತ್ತದೆ, ಸ್ಪೆಷಲ್ ಟೀಚರ್ ಇಡಲು ದುಡ್ಡಿರುವುದಿಲ್ಲ.

ನಿಮ್ಮ ಮುಂದೆ ಇರುವ ದಾರಿಗಳನ್ನು ನೋಡಿ. ಪಬ್ಲಿಕ್ ಕಿಂಡರ್‌ಗಾರ್ಟನ್‌ಗೆ ಸೇರಿಸಿ, ಥೆರಪಿ ಮುಂದುವರಿಸಿ, 1ನೇ ಗ್ರೇಡಿಗೆ ಮತ್ತೆ ಯೋಚಿಸುವುದು ಒಂದು. ಒಂದು ವರ್ಷದ ಫೀಸೂ ಉಳಿಯುತ್ತದೆ. ಆದರೆ ಆ ಸಣ್ಣ ಶಾಲೆಯಲ್ಲಿ ಆಗ ಸೀಟು ಇರಬೇಕು, ಮಗಳು ಹೊಸ ಗೆಳತಿಯರನ್ನು ಬಿಟ್ಟು ಬರಬೇಕು. ನಿಮ್ಮ ಡಿಸ್ಟ್ರಿಕ್ಟ್‌ನಲ್ಲಿ ಕಿಂಡರ್‌ಗಾರ್ಟನ್ ಅರ್ಧ ದಿನ ಇದ್ದರೆ, ಉಳಿದ ಅರ್ಧ ದಿನದ ಡೇಕೇರ್ ಖರ್ಚು ಸೇರಿಸಿದಾಗ ಯಜಮಾನರ ಲೆಕ್ಕ ತಲೆಕೆಳಗಾಗಬಹುದು. ಈಗಲೇ ಕ್ಯಾಥೊಲಿಕ್ ಶಾಲೆಗೆ ಸೇರಿಸುವುದು ಇನ್ನೊಂದು. ಮಾತು ತಡವಾದ ಮಗುವಿಗೆ ಚಿಕ್ಕ ತರಗತಿ ಒಳ್ಳೆಯದು. ಥೆರಪಿ ಕಡಿಮೆಯಾದರೆ ಹೊರಗೆ ನಿಮ್ಮ ಇನ್ಶೂರೆನ್ಸ್‌ನಲ್ಲಿ ಕೊಡಿಸುವ ತಯಾರಿ ಇರಲಿ. ಬೇಡ ಅನ್ನಿಸಿದರೆ ಪಬ್ಲಿಕ್ ಶಾಲೆಗೆ ಯಾವಾಗ ಬೇಕಾದರೂ ವಾಪಸ್ ಬರಬಹುದು, ಐಇಪಿಯನ್ನು ಡಿಸ್ಟ್ರಿಕ್ಟ್ ಮತ್ತೆ ಮಾಡಬೇಕಾಗುತ್ತದೆ, ಅದಕ್ಕೆ ಸಮಯ ಹಿಡಿಯುತ್ತದೆ.

ನನ್ನನ್ನು ಕೇಳಿದರೆ, ಥೆರಪಿ ಇನ್ನೂ ಜೋರಾಗಿ ಬೇಕಿದ್ದರೆ ಮೊದಲನೆಯದು. ಈ ವಸಂತದಲ್ಲಿ ಥೆರಪಿಸ್ಟ್ 'ಇನ್ನು ಸ್ವಲ್ಪವೇ ಬಾಕಿ' ಅಂದರೆ, ಧರ್ಮದ ಪಾಠ ನಿಮಗೆ ನಿಜಕ್ಕೂ ಒಪ್ಪಿಗೆ ಇದ್ದರೆ, ಎರಡನೆಯದರಲ್ಲಿ ತಪ್ಪೇನಿಲ್ಲ.

ಶಾಲೆ ನೋಡಲು ಜನವರಿ ಕೊನೆಯ ಕ್ಯಾಥೊಲಿಕ್ ಸ್ಕೂಲ್ಸ್ ವೀಕ್‌ನಲ್ಲಿ ಕರೆಯುತ್ತಾರೆ. ಹೋಗಿ, ಆದರೆ ಅವತ್ತು ಎಲ್ಲ ಶಾಲೆಯೂ ಮದುವೆ ಮನೆ ಹಾಗೆ ಇರುತ್ತದೆ. ಇನ್ನೊಂದು ಮಾಮೂಲಿ ದಿನ ಹೇಳಿ ಹೋಗಿ, 1ನೇ ಗ್ರೇಡಿನ ಓದಿನ ತರಗತಿಯಲ್ಲಿ ಹಿಂದೆ ಕೂತು ನೋಡಿ. ತಡವರಿಸುವ ಮಗುವಿಗೆ ಟೀಚರ್ ಎಷ್ಟು ಹೊತ್ತು ಕಾಯುತ್ತಾರೆ ಅಂತ ಗಮನಿಸಿ. ಯಾವ ಶಾಲೆಗೇ ಸೇರಿಸಿ, ಡಿಸ್ಟ್ರಿಕ್ಟ್‌ನಿಂದ ಮಗಳ ಹೆಸರು ತೆಗೆಸುವ ಮುಂಚೆ ಮಕ್ಕಳ ಮೌಲ್ಯಮಾಪನ ಮಾಡುವ ಅಲ್ಲಿನ ಚೈಲ್ಡ್ ಸ್ಟಡಿ ಟೀಮ್‌ಗೆ ಪತ್ರ ಬರೆದು ಹೊಸದಾಗಿ ಮೌಲ್ಯಮಾಪನ ಮಾಡಲು ಕೇಳಿ. ಕೇಳಿದ ಪತ್ರ, ಬಂದ ರಿಪೋರ್ಟು, ಈಗಿನ ಐಇಪಿ ಮೂರರದ್ದೂ ಕಾಪಿ ಇಟ್ಟುಕೊಳ್ಳಿ. ಸರ್ವಿಸ್ ಪ್ಲಾನ್ ಕೇಳುವಾಗಲೂ ಅದೇ ಬೇಕು, ವಾಪಸ್ ಬರುವಾಗಲೂ ಅದೇ ಬೇಕು.